ಸಿಕಲ್ ಸೆಲ್ ಕಾಯಿಲೆಯಲ್ಲಿ ಹೃದಯದ ಪಾಡು

ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡುಗೋಲು ಕಣ ರಕ್ತಹೀನತೆ, ತಂದೆತಾಯಿಯರಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆಯೆಂಬುದೂ, ಅದು ಬಂದವರಿಗೆ ಮೂಳೆ, ಕೀಲು, ಹೊಟ್ಟೆಗಳಲ್ಲಿ ಆಗಾಗ ತಡೆಯಲಾಗದ ನೋವು ಕಾಣಿಸಿಕೊಳ್ಳುತ್ತದೆಂಬುದೂ ಈಗ ಸಾಕಷ್ಟು ಜನರಿಗೆ ತಿಳಿದಿದೆ. ರೋಗಿಯನ್ನು ಆಸ್ಪತ್ರೆಗೆ ಎಳೆದು ತರುವುದು ಈ ನೋವೇ ಆದ್ದರಿಂದ ಮನೆಯವರ ಗಮನವೂ ವೈದ್ಯರ ಗಮನವೂ ಸಹಜವಾಗಿ ಅದರ ಮೇಲೆಯೇ ನಿಲ್ಲುತ್ತದೆ. ಆದರೆ ನೋವಿಲ್ಲದ ದಿನಗಳಲ್ಲೂ ಈ ಕಾಯಿಲೆ ದೇಹದೊಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಅದರ ಹೊರೆಯನ್ನು ಹಗಲಿರುಳು ಹೊರುವ ಅಂಗಗಳಲ್ಲಿ ಹೃದಯವೇ ಮುಖ್ಯವಾದುದು. ಚಿಕಿತ್ಸೆ ಸುಧಾರಿಸಿ ರೋಗಿಗಳು ಬಾಲ್ಯವನ್ನು ದಾಟಿ ನಡುವಯಸ್ಸಿನವರೆಗೆ ಬದುಕುತ್ತಿರುವ ದೇಶಗಳಲ್ಲಿ ವಯಸ್ಕ ರೋಗಿಗಳ ಸಾವಿಗೆ ಹೃದಯ ಮತ್ತು ಶ್ವಾಸಕೋಶಗಳ ತೊಂದರೆಗಳೇ ಪ್ರಮುಖ ಕಾರಣವಾಗಿರುವುದನ್ನು ವೈದ್ಯಲೋಕ ಕಂಡುಕೊಂಡಿದೆ.

ಮುಂಬಯಿಯ ಪವಾಯಿಗೆ ಈ ವಿಷಯ ದೂರದ್ದಲ್ಲ. ಇಲ್ಲಿನ ಐಐಟಿ ಬಾಂಬೆಯ ಜೈವಿಕ ವಿಜ್ಞಾನ ಮತ್ತು ಜೈವಿಕ ಎಂಜಿನಿಯರಿಂಗ್ ವಿಭಾಗದಲ್ಲಿ ಈ ಕಾಯಿಲೆಯನ್ನು ಕಡಿಮೆ ಖರ್ಚಿನಲ್ಲಿ ಪತ್ತೆಹಚ್ಚುವ ಪರೀಕ್ಷೆಗಳ ಬಗ್ಗೆ ಸಂಶೋಧನೆ ನಡೆದಿದೆ. ಪವಾಯಿಗೆ ಹೊಂದಿಕೊಂಡಿರುವ ಆರೇ ಕಾಲೊನಿಯ ಕಾಡಿನಂಚಿನಲ್ಲಿ ವಾರ್ಲಿ ಮೊದಲಾದ ಆದಿವಾಸಿಗಳ ಪಾಡಾಗಳು, ಅಂದರೆ ಹಾಡಿಗಳು, ಇಂದಿಗೂ ಇವೆ. ನಗರದ ಉತ್ತರಕ್ಕಿರುವ ಪಾಲ್ಘರ್ ಜಿಲ್ಲೆಯಲ್ಲೂ, ನಂದುರಬಾರಿನಲ್ಲೂ, ಮಹಾರಾಷ್ಟ್ರದ ಇನ್ನೊಂದು ತುದಿಯ ಗಡಚಿರೋಲಿ, ಚಂದ್ರಾಪುರ, ನಾಗಪುರ ಜಿಲ್ಲೆಗಳಲ್ಲೂ ಈ ಕಾಯಿಲೆ ಹೆಚ್ಚಾಗಿದ್ದು, ಆ ಜಿಲ್ಲೆಗಳಿಂದ ಕೂಲಿಗಾಗಿಯೋ ಓದಿಗಾಗಿಯೋ ಬಂದವರು ಮುಂಬಯಿಯ ಹಲವು ಬಡಾವಣೆಗಳಲ್ಲಿ ನೆಲೆಸಿದ್ದಾರೆ. ಹೀಗಾಗಿ ಇದು ಕಾಡಿನವರ ಕಾಯಿಲೆ, ನಗರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬ ಎಣಿಕೆಗೆ ಆಧಾರವಿಲ್ಲ.

ಕಣ ಬಾಗುವುದು ಏಕೆ?

ಕೆಂಪು ರಕ್ತಕಣದೊಳಗೆ ತುಂಬಿಕೊಂಡಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಂಡು ದೇಹದ ಮೂಲೆಮೂಲೆಗೆ ಒಯ್ದು ಬಿಟ್ಟುಕೊಡುತ್ತದೆ. ವಯಸ್ಕರ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ ಸರಪಳಿಗಳೂ ಎರಡು ಬೀಟಾ ಸರಪಳಿಗಳೂ ಇರುತ್ತವೆ. ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದ ಕಡೆ ವ್ಯಾಲಿನ್ ಎಂಬ ಬೇರೊಂದು ಅಮೈನೊ ಆಮ್ಲ ಬಂದು ಕೂತರೆ ಹುಟ್ಟುವುದೇ ಹಿಮೋಗ್ಲೋಬಿನ್ ಎಸ್. ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಈ ಹಿಮೋಗ್ಲೋಬಿನ್‌ನ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಬಿರುಸು ಎಳೆಗಳಾಗುವುದರಿಂದ, ದುಂಡಗೆ ಮೆತ್ತಗೆ ಇರಬೇಕಾದ ಕಣ ಗಡುಸಾಗಿ ಕುಡುಗೋಲಿನಂತೆ ಬಾಗುತ್ತದೆ. ಇಂಥ ಕಣಗಳು ಲೋಮನಾಳಗಳಲ್ಲಿ, ಅಂದರೆ ಕೂದಲಿಗಿಂತಲೂ ಸೂಕ್ಷ್ಮವಾದ ರಕ್ತನಾಳಗಳಲ್ಲಿ, ಸಿಕ್ಕಿಕೊಂಡು ರಕ್ತದ ಹರಿವನ್ನು ತಡೆದಾಗ ನೋವು ಹುಟ್ಟುತ್ತದೆ. ಆರೋಗ್ಯವಂತರ ಕೆಂಪುಕಣ ಸುಮಾರು 120 ದಿನ ಬಾಳಿದರೆ ಈ ಕಾಯಿಲೆಯವರ ಕಣ 10ರಿಂದ 20 ದಿನಗಳಲ್ಲಿ ಒಡೆದುಹೋಗುತ್ತದೆ. ಅಸ್ಥಿಮಜ್ಜೆ ಎಷ್ಟೇ ವೇಗವಾಗಿ ಹೊಸ ಕಣಗಳನ್ನು ತಯಾರಿಸಿದರೂ ನಷ್ಟವನ್ನು ತುಂಬಿಕೊಡಲಾರದೆ ರಕ್ತಹೀನತೆ ಕಾಯಂ ಆಗಿ ನಿಲ್ಲುತ್ತದೆ.

ತಂದೆತಾಯಿಯರಿಬ್ಬರಿಂದಲೂ ಹಿಮೋಗ್ಲೋಬಿನ್ ಎಸ್‌ನ ವಂಶವಾಹಿ ಬಂದ ಮಗುವಿಗೆ ಮಾತ್ರ ಪೂರ್ಣ ಪ್ರಮಾಣದ ಸಿಕಲ್ ಸೆಲ್ ಅನೀಮಿಯಾ ಬರುತ್ತದೆ. ಒಬ್ಬರಿಂದ ಮಾತ್ರ ಬಂದಿದ್ದರೆ ಆ ವ್ಯಕ್ತಿ ವಾಹಕನಾಗಿ ಉಳಿಯುತ್ತಾನೆ. ವಾಹಕರ ರಕ್ತದಲ್ಲಿ ಸಹಜ ಹಿಮೋಗ್ಲೋಬಿನ್ನೇ ಹೆಚ್ಚಾಗಿರುವುದರಿಂದ ಅವರ ಹೃದಯಕ್ಕೆ ಸಾಮಾನ್ಯವಾಗಿ ಯಾವ ತೊಂದರೆಯೂ ಇರುವುದಿಲ್ಲ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇಕಡ 25. ಒಬ್ಬರು ಸಿಕಲ್ ವಾಹಕರಾಗಿದ್ದು ಇನ್ನೊಬ್ಬರು ಬೀಟಾ ಥಲಸ್ಸೀಮಿಯಾ ಎಂಬ ಮತ್ತೊಂದು ಹಿಮೋಗ್ಲೋಬಿನ್ ಕಾಯಿಲೆಯ ವಾಹಕರಾಗಿದ್ದರೂ ಮಗುವಿನಲ್ಲಿ ಎರಡೂ ಸೇರಿ ಇದೇ ಬಗೆಯ ಕಾಯಿಲೆಯಾಗಬಹುದು. ಮಲೇರಿಯಾ ಹೆಚ್ಚಾಗಿದ್ದ ಸೀಮೆಗಳಲ್ಲಿ ವಾಹಕರು ಆ ಜ್ವರದ ಕಠಿಣ ಪೆಟ್ಟಿನಿಂದ ಪಾರಾಗುತ್ತಿದ್ದುದರಿಂದಲೇ ಈ ವಂಶವಾಹಿ ಪೀಳಿಗೆಗಳುದ್ದಕ್ಕೂ ಉಳಿದುಬಂದಿತೆಂಬುದನ್ನು 1954ರಲ್ಲಿ ಆಂಟನಿ ಆಲಿಸನ್ ತೋರಿಸಿಕೊಟ್ಟರು.

ಈ ಕಾಯಿಲೆಯ ಮೊದಲ ವೈದ್ಯಕೀಯ ವರದಿಯನ್ನು 1910ರಲ್ಲಿ ಪ್ರಕಟಿಸಿದವರು ಷಿಕಾಗೊ ನಗರದ ವೈದ್ಯ ಜೇಮ್ಸ್ ಹೆರಿಕ್. ಗ್ರೆನಡಾ ದ್ವೀಪದಿಂದ ದಂತವೈದ್ಯ ಶಿಕ್ಷಣಕ್ಕಾಗಿ ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ತರುಣನ ರಕ್ತದಲ್ಲಿ ಈ ಬಾಗಿದ ಕಣಗಳು ಕಂಡಿದ್ದವು. ಎದೆ ಡವಗುಟ್ಟುವುದು ಮತ್ತು ಏದುಸಿರು ಆ ತರುಣನ ದೂರುಗಳಲ್ಲಿ ಸೇರಿದ್ದವು. ಎರಡೇ ವರ್ಷಗಳ ಬಳಿಕ, 1912ರಲ್ಲಿ, ಹೃದಯದ ಸ್ವಂತ ರಕ್ತನಾಳಗಳು ಹಠಾತ್ತನೆ ಕಟ್ಟಿಕೊಂಡಾಗ ಆಗುವ ಹೃದಯಾಘಾತದ ಲಕ್ಷಣಗಳನ್ನು ವಿವರಿಸಿ ಹೆಸರಾದವರೂ ಇದೇ ಹೆರಿಕ್. ಸಿಕಲ್ ಸೆಲ್ ಕಾಯಿಲೆಯಲ್ಲಿ ಹೃದಯ ಕೆಡುವ ಬಗೆ ಮಾತ್ರ ಅವರು 1912ರಲ್ಲಿ ಬರೆದ ಬಗೆಯದಲ್ಲ. ಇಲ್ಲಿ ದೊಡ್ಡ ನಾಳಗಳಲ್ಲಿ ಕೊಬ್ಬು ಕಟ್ಟಿಕೊಳ್ಳುವುದು ಅಪರೂಪ. ಹಾನಿ ಬೇರೆ ದಾರಿಗಳಿಂದ, ವರ್ಷಗಟ್ಟಲೆ, ಸದ್ದಿಲ್ಲದೆ ಆಗುತ್ತದೆ.

ರಕ್ತ ತೆಳುವಾದಾಗ ಹೃದಯದ ದುಡಿಮೆ

ಮೊದಲನೆಯ ದಾರಿ ರಕ್ತಹೀನತೆ. ಆರೋಗ್ಯವಂತ ವಯಸ್ಕರ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಸುಮಾರು 12ರಿಂದ 17 ಗ್ರಾಂ ಇದ್ದರೆ, ಸಿಕಲ್ ಸೆಲ್ ಅನೀಮಿಯಾದವರಲ್ಲಿ ಅದು ಸಾಮಾನ್ಯವಾಗಿ 6ರಿಂದ 9 ಗ್ರಾಂ ಮಾತ್ರ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ಅದರಂತೆ 15 ಗ್ರಾಂ ಇರುವವರ 100 ಮಿಲಿಲೀಟರ್ ರಕ್ತ 20 ಮಿಲಿಲೀಟರ್ ಆಮ್ಲಜನಕವನ್ನು ಒಯ್ಯುವಲ್ಲಿ 8 ಗ್ರಾಂ ಇರುವವರ ರಕ್ತ 11 ಮಿಲಿಲೀಟರ್‌ಗಿಂತ ಕಡಿಮೆ ಒಯ್ಯುತ್ತದೆ. ದೇಹದ ಬೇಡಿಕೆ ಮಾತ್ರ ಕಡಿಮೆಯಾಗುವುದಿಲ್ಲವಾದ್ದರಿಂದ ಈ ಕೊರತೆಯನ್ನು ತುಂಬಲು ಹೃದಯ ಪ್ರತಿ ನಿಮಿಷವೂ ಹೆಚ್ಚು ರಕ್ತವನ್ನು ಹೊರದೂಡಬೇಕಾಗುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಪಂಪು ಮಾಡಿದರೆ, ಈ ರೋಗಿಯ ಹೃದಯ ಸುಮ್ಮನೆ ಕೂತಿದ್ದಾಗಲೂ ಅದಕ್ಕಿಂತ ಬಹಳ ಹೆಚ್ಚು ದುಡಿಯುತ್ತಿರುತ್ತದೆ.

ಈ ಹೆಚ್ಚುವರಿ ದುಡಿಮೆಯನ್ನು ಹೃದಯ ಬಡಿತದ ವೇಗವನ್ನು ಏರಿಸಿ ಸಾಧಿಸುವುದಕ್ಕಿಂತ ಹೆಚ್ಚಾಗಿ ಪ್ರತಿ ಬಡಿತದಲ್ಲೂ ಹೆಚ್ಚು ರಕ್ತವನ್ನು ತುಂಬಿಕೊಂಡು ಸಾಧಿಸುತ್ತದೆ. ಹಾಗೆ ವರ್ಷಾನುಗಟ್ಟಲೆ ತುಂಬಿಕೊಂಡ ಫಲವಾಗಿ ದೇಹಕ್ಕೆ ರಕ್ತವನ್ನು ದೂಡುವ ಎಡ ಹೃತ್ಕುಕ್ಷಿ ಹಿಗ್ಗುತ್ತದೆ, ಅದರ ಸ್ನಾಯುವಿನ ಒಟ್ಟು ತೂಕ ಹೆಚ್ಚುತ್ತದೆ, ಅದಕ್ಕೆ ರಕ್ತವನ್ನು ಒದಗಿಸುವ ಎಡ ಹೃತ್ಕರ್ಣವೂ ದೊಡ್ಡದಾಗುತ್ತದೆ. ಈ ಬದಲಾವಣೆಗಳು ಎಳೆಯ ಮಕ್ಕಳಲ್ಲೇ ಕಾಣತೊಡಗುತ್ತವೆ. ಎದೆಯ ಎಕ್ಸ್‌ರೇಯಲ್ಲಿ ಹೃದಯದ ನೆರಳು ಅಗಲವಾಗಿ ಕಾಣುವುದೂ, ಸ್ಟೆಥಾಸ್ಕೋಪಿಟ್ಟು ಆಲಿಸಿದಾಗ ಬಡಿತದ ನಡುವೆ ಗಾಳಿ ಬೀಸಿದಂಥ ಮರ್ಮರ ಸದ್ದು ಕೇಳಿಸುವುದೂ ಇದೇ ಕಾರಣಕ್ಕೆ. ಕವಾಟಗಳು ಕೆಟ್ಟಿಲ್ಲದಿದ್ದರೂ ತೆಳುವಾದ ರಕ್ತ ಹೆಚ್ಚು ಪ್ರಮಾಣದಲ್ಲಿ ವೇಗವಾಗಿ ನುಗ್ಗುವುದರಿಂದ ಆ ಸದ್ದು ಹುಟ್ಟುತ್ತದೆ.

ಹೃದಯಕ್ಕೆ ಇಲ್ಲಿ ಇನ್ನೊಂದು ಇಕ್ಕಟ್ಟಿದೆ. ದೇಹದ ಬೇರೆ ಅಂಗಗಳು ತಮಗೆ ಬಂದ ರಕ್ತದಿಂದ ಎಂದಿಗಿಂತ ಹೆಚ್ಚು ಆಮ್ಲಜನಕವನ್ನು ಹೀರಿಕೊಂಡು ಹೇಗೋ ಸುಧಾರಿಸಿಕೊಳ್ಳಬಲ್ಲವು. ಹೃದಯದ ಸ್ನಾಯುವಾದರೋ ಆರೋಗ್ಯವಂತರಲ್ಲೂ ತನಗೆ ಬಂದ ಆಮ್ಲಜನಕದ ಮುಕ್ಕಾಲು ಪಾಲಿನಷ್ಟನ್ನು ವಿಶ್ರಾಂತಿಯಲ್ಲೇ ಬಳಸಿಕೊಳ್ಳುವುದರಿಂದ, ಹೆಚ್ಚಿಗೆ ಹೀರಿಕೊಳ್ಳುವ ಅವಕಾಶ ಅದಕ್ಕೆ ತೀರ ಕಡಿಮೆ. ತನ್ನ ನಾಳಗಳಲ್ಲಿ ರಕ್ತದ ಹರಿವನ್ನು ಹೆಚ್ಚಿಸಿಕೊಳ್ಳುವುದೊಂದೇ ಅದಕ್ಕಿರುವ ಉಪಾಯ. ಕುಡುಗೋಲು ಕಣಗಳು ಸೂಕ್ಷ್ಮನಾಳಗಳನ್ನು ಕಟ್ಟುವುದರಿಂದ ಆ ಉಪಾಯಕ್ಕೂ ಮಿತಿ ಬೀಳುತ್ತದೆ. ಎಲ್ಲರಿಗಿಂತ ಹೆಚ್ಚು ದುಡಿಯಬೇಕಾದ ಅಂಗಕ್ಕೆ ದುಡಿಮೆಗೆ ತಕ್ಕ ಪೂರೈಕೆ ಇಲ್ಲದಂತಾಗುವುದೇ ಈ ಕಾಯಿಲೆಯ ಹೃದಯಕಥೆಯ ತಿರುಳು.

ಹಿಗ್ಗಿದ ಹೃದಯ ಬಿಗಿಯುವುದು

ಬರಿಯ ರಕ್ತಹೀನತೆಯಿಂದ ಹಿಗ್ಗಿದ ಹೃದಯ, ರಕ್ತಹೀನತೆ ಗುಣವಾದರೆ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಮರಳಬಲ್ಲದು. ಸಿಕಲ್ ಸೆಲ್ ಕಾಯಿಲೆಯಲ್ಲಿ ಇದರ ಮೇಲೆ ಮತ್ತೊಂದು ಹಾನಿ ಸೇರುತ್ತದೆ. ಹೃದಯದ ಸ್ನಾಯುವಿನೊಳಗಿನ ಸೂಕ್ಷ್ಮನಾಳಗಳು ಮತ್ತೆ ಮತ್ತೆ ಕಟ್ಟಿ ಮತ್ತೆ ಮತ್ತೆ ತೆರೆಯುವುದರಿಂದ ಅಲ್ಲಲ್ಲಿ ಸ್ನಾಯುತಂತುಗಳು ಸತ್ತು, ಅವುಗಳ ಜಾಗದಲ್ಲಿ ನಾರುಗಟ್ಟಿದ ಅಂಗಾಂಶ ಬೆಳೆಯುತ್ತದೆ. ಎಂಆರ್‌ಐ ತಪಾಸಣೆಯಿಂದ ಇಂಥ ನಾರುಗಟ್ಟುವಿಕೆ ಹೃದಯದ ತುಂಬ ತೆಳ್ಳಗೆ ಹರಡಿಕೊಂಡಿರುವುದನ್ನು, ಅದೂ ತರುಣ ರೋಗಿಗಳಲ್ಲಿ, ಸಂಶೋಧಕರು ಈಚಿನ ವರ್ಷಗಳಲ್ಲಿ ತೋರಿಸಿದ್ದಾರೆ.

ನಾರುಗಟ್ಟಿದ ಸ್ನಾಯು ಕುಗ್ಗುವುದರಲ್ಲಿ ಅಷ್ಟಾಗಿ ಹಿಂದೆ ಬೀಳುವುದಿಲ್ಲ. ಸಡಿಲಗೊಳ್ಳುವುದರಲ್ಲಿ ಹಿಂದೆ ಬೀಳುತ್ತದೆ. ಬಡಿತ ಬಡಿತದ ನಡುವೆ ಹೃತ್ಕುಕ್ಷಿ ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುವ ಹೊತ್ತಿಗೆ ವೈದ್ಯರು ವ್ಯಾಕೋಚನ ಎನ್ನುತ್ತಾರೆ. ಆ ಹಂತದಲ್ಲಿ ಬಿಗಿತವಿದ್ದರೆ ರಕ್ತ ಒಳಬರಲು ಹೆಚ್ಚಿನ ಒತ್ತಡ ಬೇಕಾಗುತ್ತದೆ, ಆ ಒತ್ತಡ ಎಡ ಹೃತ್ಕರ್ಣಕ್ಕೂ ಅಲ್ಲಿಂದ ಹಿಂದಕ್ಕೆ ಶ್ವಾಸಕೋಶಕ್ಕೂ ತಾಗಿ ರೋಗಿಗೆ ಏದುಸಿರು ಬರುತ್ತದೆ. ಹೃದಯದ ಶಕ್ತಿಯನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಅಳತೆ ಎಂದರೆ ಒಂದು ಬಡಿತಕ್ಕೆ ಹೃತ್ಕುಕ್ಷಿ ಎಷ್ಟು ಪಾಲು ರಕ್ತವನ್ನು ಹೊರದೂಡಿತು ಎಂಬುದು. ಈ ರೋಗಿಗಳಲ್ಲಿ ಆ ಅಂಕಿ ಬಹುಕಾಲ ಸಹಜವಾಗಿಯೇ ಇರುತ್ತದೆ. ಆದ್ದರಿಂದ ಅದೊಂದನ್ನೇ ನೋಡಿ ಹೃದಯ ಚೆನ್ನಾಗಿದೆಯೆಂದು ಹೇಳಿ ಕಳುಹಿಸುವುದು ಸಾಲದು; ಹೃದಯ ಎಷ್ಟು ಸರಾಗವಾಗಿ ತುಂಬಿಕೊಳ್ಳುತ್ತಿದೆಯೆಂಬುದನ್ನೂ ಎಕೋ, ಅಂದರೆ ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ, ಪರೀಕ್ಷೆಯಲ್ಲಿ ನೋಡಬೇಕಾಗುತ್ತದೆ.

ಶ್ವಾಸಕೋಶದ ಕಡೆಯಿಂದ ಬರುವ ಪೆಟ್ಟು

ಎರಡನೆಯ ದಾರಿ ಶ್ವಾಸಕೋಶದ ರಕ್ತನಾಳಗಳದು. ಕೆಂಪುಕಣ ನಾಳದೊಳಗೇ ಒಡೆದಾಗ ಅದರ ಹಿಮೋಗ್ಲೋಬಿನ್ ರಕ್ತದ್ರವಕ್ಕೆ ಬಿಡುಗಡೆಯಾಗುತ್ತದೆ. ರಕ್ತನಾಳದ ಒಳಪದರ ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ನಾಳವನ್ನು ಸಡಿಲವಾಗಿಟ್ಟು ರಕ್ತ ಸರಾಗವಾಗಿ ಹರಿಯಲು ನೆರವಾಗುತ್ತದೆ. ಬಿಡಿ ಹಿಮೋಗ್ಲೋಬಿನ್ ಈ ಅನಿಲವನ್ನು ಕೂಡಲೇ ನುಂಗಿಹಾಕುತ್ತದೆ. ಒಡೆದ ಕಣದಿಂದಲೇ ಹೊರಬರುವ ಆರ್ಜಿನೇಸ್ ಎಂಬ ಕಿಣ್ವ ನೈಟ್ರಿಕ್ ಆಕ್ಸೈಡ್ ತಯಾರಿಗೆ ಬೇಕಾದ ಆರ್ಜಿನಿನ್‌ ಅನ್ನೂ ಖರ್ಚುಮಾಡಿಬಿಡುತ್ತದೆ. ಹೀಗೆ ಎರಡು ಕಡೆಯಿಂದಲೂ ಕೊರತೆಯಾಗಿ ಶ್ವಾಸಕೋಶದ ನಾಳಗಳು ಬಿಗಿಯುತ್ತವೆ, ಕಾಲಕ್ರಮದಲ್ಲಿ ಅವುಗಳ ಗೋಡೆ ದಪ್ಪವಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಶ್ವಾಸಕೋಶಕ್ಕೆ ರಕ್ತವನ್ನು ದೂಡುವ ಬಲ ಹೃತ್ಕುಕ್ಷಿ ಸ್ವಭಾವತಃ ತೆಳ್ಳನೆಯ ಗೋಡೆಯದು. ಕಡಿಮೆ ಒತ್ತಡಕ್ಕೆ ಒಗ್ಗಿದ ಆ ಕೋಣೆ ಈ ಹೊಸ ಒತ್ತಡವನ್ನು ಬಹುಕಾಲ ತಾಳಲಾರದೆ ಹಿಗ್ಗಿ ಸೋಲುತ್ತದೆ.

ಇದರ ಗಂಭೀರತೆ ಮೊದಲು ಸ್ಪಷ್ಟವಾದುದು 2004ರಲ್ಲಿ ಮಾರ್ಕ್ ಗ್ಲಾಡ್ವಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 195 ವಯಸ್ಕ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದಾಗ. ಬಲ ಹೃತ್ಕುಕ್ಷಿಗೂ ಬಲ ಹೃತ್ಕರ್ಣಕ್ಕೂ ನಡುವೆ ಇರುವ ಟ್ರೈಕಸ್ಪಿಡ್ ಕವಾಟದಲ್ಲಿ ರಕ್ತ ಹಿಂದಕ್ಕೆ ಚಿಮ್ಮುವ ವೇಗವನ್ನು ಎಕೋ ಯಂತ್ರದಿಂದ ಅಳೆದರೆ ಶ್ವಾಸಕೋಶದ ಒತ್ತಡವನ್ನು ಅಂದಾಜು ಮಾಡಬಹುದು. ಆ ವೇಗ ಸೆಕೆಂಡಿಗೆ 2.5 ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದವರು ಆ ಗುಂಪಿನಲ್ಲಿ ಶೇಕಡ 32ರಷ್ಟಿದ್ದರು, ಮತ್ತು ಸಾವಿನ ಸಂಭವ ಅವರಲ್ಲಿ ಉಳಿದವರಿಗಿಂತ ಬಹುಪಟ್ಟು ಹೆಚ್ಚಾಗಿತ್ತು. 2011ರಲ್ಲಿ ಫ್ರಾನ್ಸಿನ 398 ರೋಗಿಗಳ ಅಧ್ಯಯನ ಈ ಚಿತ್ರವನ್ನು ತಿದ್ದಿತು: ನಾಳದ ಮೂಲಕ ಸಣ್ಣ ಕೊಳವೆಯನ್ನು ಹೃದಯದೊಳಕ್ಕೆ ಇಳಿಸಿ ಒತ್ತಡವನ್ನು ನೇರವಾಗಿ ಅಳೆದಾಗ ನಿಜವಾದ ಶ್ವಾಸಕೋಶದ ಅಧಿಕ ರಕ್ತದೊತ್ತಡ ಇದ್ದವರು ಶೇಕಡ 6 ಮಾತ್ರ. ಎಕೋ ಎಚ್ಚರಿಕೆಯನ್ನು ಕೊಡುತ್ತದೆ, ತೀರ್ಪನ್ನು ಕೊಡುವುದಿಲ್ಲ ಎಂಬುದು ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಿದಾಗ ತಿಳಿಯುವ ಪಾಠ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹಿಮೋಗ್ಲೋಬಿನ್ ಪ್ರಮಾಣ ತುಸು ಹೆಚ್ಚಿರುವ ರೋಗಿಗಳಲ್ಲಿ ರಕ್ತ ಮಂದವಾಗಿ ನೋವಿನ ಕಾಟ ಹೆಚ್ಚಿರುತ್ತದೆಂದೂ, ಕಣಗಳು ಹೆಚ್ಚಾಗಿ ಒಡೆದು ರಕ್ತಹೀನತೆ ತೀವ್ರವಾಗಿರುವವರಲ್ಲಿ ಶ್ವಾಸಕೋಶದ ನಾಳಗಳ ಹಾನಿ ಹೆಚ್ಚಿರುತ್ತದೆಂದೂ ಹಲವು ತಜ್ಞರ ಅಭಿಪ್ರಾಯ. ಈ ವಿಂಗಡಣೆ ಎಲ್ಲರಿಗೂ ಒಪ್ಪಿಗೆಯಾಗಿಲ್ಲವಾದರೂ, ನೋವು ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಕಾಯಿಲೆ ಸೌಮ್ಯವಾಗಿದೆಯೆಂದು ತೀರ್ಮಾನಿಸಬಾರದೆಂಬ ಮಾತಿನಲ್ಲಿ ಭಿನ್ನಾಭಿಪ್ರಾಯವಿಲ್ಲ.

ಹಠಾತ್ತನೆ ಎರಗುವ ಅಪಾಯಗಳು

ನಿಧಾನವಾಗಿ ಸವೆಯುತ್ತಿರುವ ಹೃದಯವನ್ನು ಕೆಲವು ಸಂದರ್ಭಗಳು ಒಮ್ಮೆಲೇ ಕುಸಿಯುವಂತೆ ಮಾಡುತ್ತವೆ. ಜ್ವರ, ಎದೆನೋವು, ಕೆಮ್ಮು, ಏದುಸಿರುಗಳೊಂದಿಗೆ ಶ್ವಾಸಕೋಶದಲ್ಲಿ ಹೊಸ ಕಲೆ ಕಾಣಿಸಿಕೊಳ್ಳುವ ಸ್ಥಿತಿಗೆ ತೀವ್ರ ಎದೆ ಲಕ್ಷಣಕೂಟ ಎನ್ನುತ್ತಾರೆ. ಸೋಂಕಿನಿಂದಲೋ, ಮೂಳೆಯಿಂದ ಕಳಚಿ ಬಂದ ಮಜ್ಜೆಯ ಕೊಬ್ಬಿನಿಂದಲೋ, ಸಿಕ್ಕಿಕೊಂಡ ಕಣಗಳಿಂದಲೋ ಇದು ಬರಬಹುದು. ಬಂದಾಗ ಶ್ವಾಸಕೋಶದ ಒತ್ತಡ ಗಂಟೆಗಳೊಳಗೆ ಏರಿ ಬಲಗಡೆಯ ಹೃದಯ ಸೋಲಬಹುದು. ಹೃದಯದ ಲಯ ತಪ್ಪುವುದರಿಂದ ಹಠಾತ್ ಸಾವು ಬರುವುದೂ ಉಂಟು. ನಾರುಗಟ್ಟಿದ ಸ್ನಾಯು, ಹಿಗ್ಗಿದ ಹೃತ್ಕರ್ಣ, ಇಸಿಜಿಯಲ್ಲಿ ಕಾಣುವ ವಿದ್ಯುತ್ ವ್ಯತ್ಯಾಸಗಳು ಇದಕ್ಕೆ ದಾರಿಮಾಡಿಕೊಡುತ್ತವೆ. ದೊಡ್ಡ ನಾಳಗಳಲ್ಲಿ ಯಾವ ಅಡಚಣೆಯೂ ಇಲ್ಲದೆ ಸೂಕ್ಷ್ಮನಾಳಗಳು ಕಟ್ಟಿಕೊಂಡದ್ದರಿಂದಲೇ ಹೃದಯಾಘಾತವಾಗುವ ಸಾಧ್ಯತೆಯೂ ಇರುವುದರಿಂದ, ಮೂವತ್ತರ ಹರೆಯದ ಸಿಕಲ್ ಸೆಲ್ ರೋಗಿಯ ಎದೆನೋವನ್ನು ಎಂದಿನ ಮೂಳೆನೋವೆಂದು ತಳ್ಳಿಹಾಕದೆ ಇಸಿಜಿಯನ್ನೂ ಹೃದಯಸ್ನಾಯುವಿನ ಹಾನಿಯನ್ನು ತೋರಿಸುವ ಟ್ರೋಪೋನಿನ್ ಪರೀಕ್ಷೆಯನ್ನೂ ಮಾಡಿಸುವುದು ವಿವೇಕ.

ಚಿಕಿತ್ಸೆಯೇ ಹೊರೆಯಾಗುವ ಸಂದರ್ಭಗಳನ್ನೂ ಹೇಳಬೇಕು. ನೋವಿನ ಸಮಯದಲ್ಲಿ ಸಲೈನ್ ಏರಿಸುವುದು ರೂಢಿ. ಆದರೆ ಮೊದಲೇ ತುಂಬಿಕೊಂಡು ದುಡಿಯುತ್ತಿರುವ ಹೃದಯಕ್ಕೆ ಅಳತೆ ಮೀರಿ ದ್ರವ ಸೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಪದೇಪದೇ ರಕ್ತ ಪಡೆಯುವವರಲ್ಲಿ ಪ್ರತಿಯೊಂದು ಯೂನಿಟ್ ರಕ್ತದ ಜೊತೆಗೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ದೇಹಕ್ಕೆ ಸೇರುತ್ತದೆ, ಅದನ್ನು ಹೊರಹಾಕುವ ಸಹಜ ವ್ಯವಸ್ಥೆ ದೇಹಕ್ಕಿಲ್ಲ. ಆ ಕಬ್ಬಿಣ ಮೊದಲು ಯಕೃತ್ತಿನಲ್ಲಿ ಶೇಖರವಾಗುತ್ತದೆ. ಥಲಸ್ಸೀಮಿಯಾದವರಿಗೆ ಹೋಲಿಸಿದರೆ ಸಿಕಲ್ ಸೆಲ್ ರೋಗಿಗಳ ಹೃದಯದಲ್ಲಿ ಅದು ಕೂಡುವುದು ಕಡಿಮೆಯಾದರೂ ಇಲ್ಲವೇ ಇಲ್ಲವೆನ್ನುವಂತಿಲ್ಲ. ರಕ್ತ ಕಡಿಮೆಯಿದೆ ಎಂದ ಕೂಡಲೇ ಕಬ್ಬಿಣದ ಮಾತ್ರೆ ಕೊಡುವ ನಮ್ಮಲ್ಲಿನ ಅಭ್ಯಾಸವೂ ಇಲ್ಲಿ ಹೊಂದುವುದಿಲ್ಲ. ಕಬ್ಬಿಣದ ಕೊರತೆ ನಿಜವಾಗಿ ಇದೆಯೇ ಎಂದು ರಕ್ತಪರೀಕ್ಷೆಯಿಂದ ತಿಳಿದ ಮೇಲೆಯೇ ಅದನ್ನು ಕೊಡಬೇಕು.

ರುಮಾಟಿಕ್ ಜ್ವರವೆಂಬ ತಪ್ಪು ಎಣಿಕೆ

ಭಾರತದಂಥ ದೇಶದಲ್ಲಿ ಇನ್ನೊಂದು ಗೊಂದಲಕ್ಕೆ ಎಡೆಯಿದೆ. ಗಂಟಲಿನ ಸೋಂಕಿನ ಬೆನ್ನಿಗೆ ಬಂದು ಕೀಲುಗಳನ್ನೂ ಹೃದಯದ ಕವಾಟಗಳನ್ನೂ ಕೆಡಿಸುವ ರುಮಾಟಿಕ್ ಜ್ವರ ನಮ್ಮಲ್ಲಿ ಇಂದಿಗೂ ಇದೆ. ಜ್ವರ, ಕೀಲುನೋವು, ಬೆಳೆದ ಹೃದಯ, ಮರ್ಮರ ಸದ್ದು, ಏದುಸಿರು ಇವೆಲ್ಲ ಎರಡೂ ಕಾಯಿಲೆಗಳಲ್ಲಿ ಕಾಣುವುದರಿಂದ, ರಕ್ತದ ಪರೀಕ್ಷೆಯಾಗದ ಸಿಕಲ್ ಸೆಲ್ ಮಗುವಿಗೆ ರುಮಾಟಿಕ್ ಹೃದ್ರೋಗವೆಂಬ ಹಣೆಪಟ್ಟಿ ಬೀಳುವುದು ವೈದ್ಯಕೀಯ ಇತಿಹಾಸದಲ್ಲಿ ಬಹಳ ಹಿಂದಿನಿಂದ ದಾಖಲಾಗಿರುವ ತಪ್ಪು. ಹಾಗಾದಾಗ ಮಗುವಿಗೆ ಬೇಡದ ಚಿಕಿತ್ಸೆ ಸಿಗುತ್ತದೆ, ಬೇಕಾದ ಚಿಕಿತ್ಸೆ ತಪ್ಪಿಹೋಗುತ್ತದೆ. ಕವಾಟ ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ಎಕೋ ಹೇಳುತ್ತದೆ; ರಕ್ತದಲ್ಲಿ ಹಿಮೋಗ್ಲೋಬಿನ್ ಎಸ್ ಇದೆಯೇ ಎಂಬುದನ್ನು ಅಗ್ಗದ ರಕ್ತಪರೀಕ್ಷೆ ಹೇಳುತ್ತದೆ. ಕಾಯಿಲೆ ಹೆಚ್ಚಾಗಿರುವ ಸಮುದಾಯಗಳ ಮಕ್ಕಳಲ್ಲಿ ಈ ಎರಡನ್ನೂ ಮಾಡಿಸಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ಪವಾಯಿ, ಪರೇಲ್ ಮತ್ತು ಬಿಳಿಗಿರಿರಂಗನ ಬೆಟ್ಟ

ಕಾಯಿಲೆಯನ್ನು ಪತ್ತೆಹಚ್ಚುವ ಆ ಅಗ್ಗದ ಪರೀಕ್ಷೆಯಲ್ಲೂ ಒಂದು ತೊಡಕಿದೆ. ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಕರಗುವಿಕೆ ಪರೀಕ್ಷೆಯಲ್ಲಿ ಹನಿ ರಕ್ತವನ್ನು ಆಮ್ಲಜನಕ ಕಳೆಯುವ ರಾಸಾಯನಿಕ ದ್ರಾವಣಕ್ಕೆ ಬೆರೆಸುತ್ತಾರೆ. ಹಿಮೋಗ್ಲೋಬಿನ್ ಎಸ್ ಇದ್ದರೆ ದ್ರಾವಣ ಕದಡುತ್ತದೆ. ಆದರೆ ಆ ರಕ್ತ ವಾಹಕರದೋ ರೋಗಿಯದೋ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಅದನ್ನು ತಿಳಿಯಲು ಎಚ್‌ಪಿಎಲ್‌ಸಿ ಎಂಬ ದುಬಾರಿ ಯಂತ್ರವಿರುವ ಪ್ರಯೋಗಾಲಯಕ್ಕೆ ಮಾದರಿಯನ್ನು ಕಳುಹಿಸಬೇಕು. ವರದಿ ಬರುವಷ್ಟರಲ್ಲಿ ಕೂಲಿಗೆ ಹೋದವರು ಊರನ್ನೇ ಬಿಟ್ಟಿರಬಹುದು. ಪವಾಯಿಯ ಐಐಟಿಯಲ್ಲಿ ದೇಬಜಾನಿ ಪಾಲ್ ಅವರ ಪ್ರಯೋಗಾಲಯ ಗಮನ ಹರಿಸಿರುವುದು ಈ ತೊಡಕಿನ ಮೇಲೆಯೇ: ಆಮ್ಲಜನಕ ಕಳೆದ ರಕ್ತದ ಕಣಗಳ ಆಕಾರವನ್ನೋ, ಹಿಮೋಗ್ಲೋಬಿನ್ ಬೆಳಕನ್ನು ಹೀರುವ ರೀತಿಯನ್ನೋ ಸರಳ ಉಪಕರಣದಿಂದ ಗುರುತಿಸಿ, ರೋಗವನ್ನೂ ವಾಹಕ ಸ್ಥಿತಿಯನ್ನೂ ಸ್ಥಳದಲ್ಲೇ ಬೇರ್ಪಡಿಸಿ ಹೇಳುವುದು ಈ ಕೆಲಸದ ಗುರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದೇ ದಿಕ್ಕಿನ ಸಂಶೋಧನೆ ನಡೆದಿದೆ. ಪವಾಯಿಯಿಂದ ದಕ್ಷಿಣಕ್ಕೆ, ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂಗವಾಗಿದ್ದು, ದೇಶದ ಹಿಮೋಗ್ಲೋಬಿನ್ ಕಾಯಿಲೆಗಳ ಅಧ್ಯಯನಕ್ಕೆ ದಶಕಗಳಿಂದ ಕೇಂದ್ರವಾಗಿದೆ. ಚಂದ್ರಾಪುರದಲ್ಲಿ ಅದರ ಒಂದು ಕೇಂದ್ರವೂ ಇದೆ.

ಕನ್ನಡನಾಡಿಗೂ ಈ ಕಾಯಿಲೆ ಹೊಸತಲ್ಲ. ಭಾರತದಲ್ಲಿ ಇದು ಮೊದಲು ದಾಖಲಾದುದೇ ಚಾಮರಾಜನಗರ ಜಿಲ್ಲೆಗೆ ತಾಗಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮರಿ ಕಟ್‌ಬುಷ್ ನಡೆಸಿದ ಅಧ್ಯಯನದಿಂದ. ಕರ್ನಾಟಕದಲ್ಲಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಸೋಲಿಗ, ಜೇನುಕುರುಬ, ಯರವ ಮೊದಲಾದ ಸಮುದಾಯಗಳಲ್ಲಿ ಇದು ಕಂಡುಬಂದಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಇದನ್ನು ಗುರುತಿಸಿ, ಅಲ್ಲಿನ ಆರೋಗ್ಯ ಸೇವೆಯ ಭಾಗವಾಗಿ ರೋಗಿಗಳನ್ನು ನೋಡಿಕೊಳ್ಳುತ್ತ ಬಂದಿದೆ.

ಭಾರತದ ರೋಗಿಗಳಲ್ಲಿ ಕಾಣುವ ವಂಶವಾಹಿಯ ಮಾದರಿಯನ್ನು ಅರಬ್-ಭಾರತೀಯ ಮಾದರಿ ಎನ್ನುತ್ತಾರೆ. ಗರ್ಭದಲ್ಲಿರುವ ಶಿಶುವಿನ ರಕ್ತದಲ್ಲಿ ಹೆಚ್ಚಾಗಿದ್ದು ಹುಟ್ಟಿದ ಮೇಲೆ ತಗ್ಗುವ ಭ್ರೂಣ ಹಿಮೋಗ್ಲೋಬಿನ್ ಈ ಮಾದರಿಯವರಲ್ಲಿ ಆಫ್ರಿಕಾ ಮೂಲದವರಿಗಿಂತ ಹೆಚ್ಚು ಉಳಿದುಕೊಳ್ಳುವುದರಿಂದ, ಮತ್ತು ಅದು ಎಳೆಗಟ್ಟುವಿಕೆಯನ್ನು ತಡೆಯುವುದರಿಂದ, ಇಲ್ಲಿನ ಕಾಯಿಲೆ ಸೌಮ್ಯವೆಂಬ ಅಭಿಪ್ರಾಯ ಬಹುಕಾಲ ಚಾಲ್ತಿಯಲ್ಲಿತ್ತು. ಆದರೆ ನಾಗಪುರ, ಚಂದ್ರಾಪುರಗಳಿರುವ ವಿದರ್ಭದ ರೋಗಿಗಳ ಅಧ್ಯಯನಗಳು ಕಾಯಿಲೆ ಇಲ್ಲಿಯೂ ತೀವ್ರವಾಗಿರಬಲ್ಲದೆಂದು ತೋರಿಸಿವೆ. ಅಲ್ಲಿ ಅದು ಬುಡಕಟ್ಟಿನವರಲ್ಲಷ್ಟೇ ಅಲ್ಲದೆ ಪರಿಶಿಷ್ಟ ಜಾತಿಗಳಲ್ಲೂ ಹಿಂದುಳಿದ ವರ್ಗಗಳಲ್ಲೂ ಇದೆ.

ಹೃದಯವನ್ನು ಉಳಿಸುವ ಬಗೆ

ಹೃದಯಕ್ಕಾಗಿ ಮಾಡಬಹುದಾದ ಮೊದಲ ಉಪಕಾರವೆಂದರೆ ರಕ್ತದ ಕಾಯಿಲೆಯನ್ನೇ ಹದ್ದುಬಸ್ತಿನಲ್ಲಿಡುವುದು. ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಮಾತ್ರೆ ಭ್ರೂಣ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ಕಣಗಳು ಬಾಗುವುದನ್ನೂ ಒಡೆಯುವುದನ್ನೂ ಕಡಿಮೆ ಮಾಡುತ್ತದೆ. ನೋವಿನ ಕಾಟವೂ ತೀವ್ರ ಎದೆ ಲಕ್ಷಣಕೂಟವೂ ಇದರಿಂದ ಗಣನೀಯವಾಗಿ ತಗ್ಗುತ್ತವೆಂದು ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಆಗಾಗ ರಕ್ತಕಣಗಳ ಎಣಿಕೆ ಮಾಡಿಸುತ್ತ, ವೈದ್ಯರ ಉಸ್ತುವಾರಿಯಲ್ಲಿ, ನೋವಿಲ್ಲದ ದಿನಗಳಲ್ಲೂ ಬಿಡದೆ ಇದನ್ನು ಸೇವಿಸಬೇಕು. ಫೋಲಿಕ್ ಆಮ್ಲ, ನ್ಯುಮೋಕಾಕಸ್ ವಿರುದ್ಧದ ಲಸಿಕೆ, ಎಳೆಯ ಮಕ್ಕಳಿಗೆ ಪೆನಿಸಿಲಿನ್, ಧಾರಾಳ ನೀರು, ಚಳಿಯಿಂದ ರಕ್ಷಣೆ ಇವೆಲ್ಲ ಕಾಯಿಲೆ ಕೆರಳದಂತೆ ತಡೆಯುವ ಕ್ರಮಗಳು. ಹೊಂದುವ ಒಡಹುಟ್ಟಿದವರಿದ್ದರೆ ಅಸ್ಥಿಮಜ್ಜೆಯ ಕಸಿಯಿಂದ ಕಾಯಿಲೆ ವಾಸಿಯಾಗಬಲ್ಲದು. 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಎರಡು ವಂಶವಾಹಿ ಚಿಕಿತ್ಸೆಗಳಿಗೆ ಅನುಮತಿ ಸಿಕ್ಕಿತಾದರೂ ಅವುಗಳ ಬೆಲೆ ಸಾಮಾನ್ಯರ ಅಳವಿಗೆ ಮೀರಿದ್ದು.

ಹೃದಯಕ್ಕೇ ನೇರವಾಗಿ ಕೊಡುವ ಔಷಧಗಳ ವಿಷಯದಲ್ಲಿ ಆತುರ ಸಲ್ಲದು. ಬೇರೆ ಕಾರಣಗಳಿಂದ ಬರುವ ಶ್ವಾಸಕೋಶದ ಅಧಿಕ ರಕ್ತದೊತ್ತಡಕ್ಕೆ ಒಳ್ಳೆಯ ಮದ್ದಾದ ಸಿಲ್ಡೆನಾಫಿಲ್ಲನ್ನು ಸಿಕಲ್ ಸೆಲ್ ರೋಗಿಗಳ ಮೇಲೆ ಪ್ರಯೋಗಿಸಿದಾಗ ನೋವಿನ ಕಾಟ ಹೆಚ್ಚಿದ್ದರಿಂದ 2009ರಲ್ಲಿ ಆ ಪ್ರಯೋಗವನ್ನೇ ನಡುವೆ ನಿಲ್ಲಿಸಬೇಕಾಯಿತು. ತೊಂದರೆಯೇ ಇಲ್ಲದ ರೋಗಿಗಳೆಲ್ಲರಿಗೂ ಕಾಲಕಾಲಕ್ಕೆ ಎಕೋ ಮಾಡಿಸಬೇಕೆ ಎಂಬ ಬಗ್ಗೆ ಪರಿಣತರ ಸಂಘಗಳು ಒಂದೇ ಮಾತು ಹೇಳುವುದಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಹೆಚ್ಚು ಏದುಸಿರು ಬರುವುದು, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಕಾಲು ಊದುವುದು, ಎದೆ ಡವಗುಟ್ಟಿ ತಲೆ ಸುತ್ತುವುದು, ಎಚ್ಚರ ತಪ್ಪುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ಎಕೋ ಮತ್ತು ಇಸಿಜಿ ಮಾಡಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸಿಕಲ್ ಸೆಲ್ ರೋಗಿಗಳ ರಕ್ತದೊತ್ತಡ ಸ್ವಭಾವತಃ ಇತರರಿಗಿಂತ ಕಡಿಮೆಯಿರುವುದರಿಂದ, ಬೇರೆಯವರಲ್ಲಿ ಸಹಜವೆನಿಸುವ ಅಳತೆ ಇವರಲ್ಲಿ ಹೆಚ್ಚೆಂದು ಎಣಿಸಬೇಕಾಗಬಹುದೆಂಬುದನ್ನೂ ವೈದ್ಯರು ನೆನಪಿಡಬೇಕು. ಬಸಿರಿನಲ್ಲಿ ಹೃದಯದ ಹೊರೆ ಮತ್ತಷ್ಟು ಏರುವುದರಿಂದ ಈ ಕಾಯಿಲೆಯ ಹೆಂಗಸರಿಗೆ ಬಸಿರಿಗೆ ಮುಂಚೆಯೇ ಹೃದಯ ತಪಾಸಣೆ ಬೇಕು.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ಕರ್ನಾಟಕ, ಮಹಾರಾಷ್ಟ್ರಗಳೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸಿ, 2047ರೊಳಗೆ ಈ ಕಾಯಿಲೆಯನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಇಳಿಸುವುದು ಅದರ ಗುರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಸಿಕಲ್ ಸೆಲ್ ಕಾಯಿಲೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಇವು ಬೇಕಾದ ಕೆಲಸಗಳೇ. ಆದರೆ ಪರೀಕ್ಷೆ ಮಾಡಿ ಫಲಿತಾಂಶದ ಕಾರ್ಡು ಕೊಟ್ಟಲ್ಲಿಗೆ ಅಭಿಯಾನದ ಹೊಣೆ ಮುಗಿಯುವುದಿಲ್ಲ. ಕಾರ್ಡು ಪಡೆದ ರೋಗಿಗೆ ಮಾತ್ರೆ ತಪ್ಪದೆ ಸಿಗಬೇಕು, ಏದುಸಿರು ಬಂದಾಗ ಎಕೋ ಯಂತ್ರವಿರುವ ಆಸ್ಪತ್ರೆ ಕೈಗೆಟಕುವ ದೂರದಲ್ಲಿರಬೇಕು, ಅಲ್ಲಿನ ವೈದ್ಯರಿಗೆ ಈ ಹೃದಯದ ರೀತಿನೀತಿ ತಿಳಿದಿರಬೇಕು. ಮುಂಬಯಿಯಂಥ ನಗರದಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ, ಕಾಯಿಲೆಯ ನೆನಪಿಗೆ ಕೊರತೆಯಿದೆ. ಕಾಡಂಚಿನ ಪೋಡು, ಹಾಡಿಗಳಲ್ಲಿ ಕಾಯಿಲೆಯ ನೆನಪಿದೆ, ಯಂತ್ರಗಳಿಗೆ ಕೊರತೆಯಿದೆ. ಈ ಕಾಯಿಲೆ ಹೆಚ್ಚಾಗಿರುವ ಸೀಮೆಯ ಮೂಲದವರು, ಅವರು ಈಗ ಎಲ್ಲೇ ನೆಲೆಸಿರಲಿ, ಮದುವೆಗೆ ಮುಂಚೆ ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು; ಮನೆಯಲ್ಲಿ ಸಿಕಲ್ ಸೆಲ್ ರೋಗಿ ಇದ್ದರೆ ನೋವು ಎಷ್ಟಿದೆ ಎಂದು ಕೇಳುವುದರ ಜೊತೆಗೆ ಉಸಿರು ಹೇಗಿದೆ ಎಂದೂ ಕೇಳಬೇಕು.